ಕಮ್ಯುನಿಟಿ ಕಾಲೇಜಿನಲ್ಲಿ ರೆಸ್ಪಿರೇಟರಿ ಥೆರಪಿ ಓದಬೇಕೆಂದಿರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ನನಗೆ ತಿಂಗಳಿಗೆ ಒಂದೆರಡಾದರೂ ಫೋನ್ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಅವೇ. ನಾನು ತುಮಕೂರಿನಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. 36ನೇ ವಯಸ್ಸಿನಲ್ಲಿ ಕಮ್ಯುನಿಟಿ ಕಾಲೇಜು (ಸ್ಥಳೀಯರಿಗಾಗಿ ಇರುವ, ಹೆಚ್ಚಾಗಿ ಎರಡು ವರ್ಷದ ಡಿಗ್ರಿ ಕೊಡುವ ಸರ್ಕಾರಿ ಕಾಲೇಜು) ಸೇರಿ ರೆಸ್ಪಿರೇಟರಿ ಥೆರಪಿ ಕೆಲಸ ಕಲಿತೆ. ಈಗ ಐಸಿಯುನಲ್ಲಿದ್ದೇನೆ. ಫೋನಿನಲ್ಲಿ ಅವಸರದಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಸಮಾಧಾನವಾಗಿ ಬರೆದಿದ್ದೇನೆ.

ರೆಸ್ಪಿರೇಟರಿ ಥೆರಪಿಸ್ಟ್ ಅಂದರೆ ಯಾರು? ನರ್ಸಾ, ಟೆಕ್ನಿಷಿಯನ್ನಾ?

ಎರಡೂ ಅಲ್ಲ. ರೋಗಿಯ ಉಸಿರಾಟ ನೋಡಿಕೊಳ್ಳುವುದಕ್ಕೆಂದೇ ತರಬೇತಿ ಪಡೆದು, ಲೈಸೆನ್ಸ್ ತೆಗೆದುಕೊಂಡವರು. ಉಬ್ಬಸದಿಂದ ಒದ್ದಾಡುವ ಮಗುವಿಗೆ ನೆಬ್ಯುಲೈಸರ್ ಕೊಡುವುದು, ಮಣಿಕಟ್ಟಿನ ರಕ್ತನಾಳದಿಂದ ರಕ್ತ ತೆಗೆದು ಅದರಲ್ಲಿ ಆಮ್ಲಜನಕ ಎಷ್ಟಿದೆ ನೋಡುವುದು, ಗಂಟಲಿಗೆ ಟ್ಯೂಬ್ ಹಾಕುವಾಗ ಡಾಕ್ಟರ ಪಕ್ಕ ನಿಲ್ಲುವುದು, ವೆಂಟಿಲೇಟರ್ ಹೊಂದಿಸುವುದು, ಕೊನೆಗೆ ರೋಗಿಯನ್ನು ಆ ಯಂತ್ರದಿಂದ ಬಿಡಿಸುವುದು, ಎಲ್ಲ ನಮ್ಮ ಕೆಲಸ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ವಾರ್ಡಿನಲ್ಲೂ ನಾವಿರುತ್ತೇವೆ. ಆಸ್ಪತ್ರೆಯಲ್ಲಿ ಎಲ್ಲಾದರೂ ಯಾರದಾದರೂ ಎದೆಬಡಿತ ನಿಂತು ಕೋಡ್ ಬ್ಲೂ ಕೂಗಿದರೆ ಓಡುವವರಲ್ಲಿ ನಾವೂ ಒಬ್ಬರು.

ಇಲ್ಲಿ ಈ ವೃತ್ತಿಯವರ ಸಂಘ ಹುಟ್ಟಿದ್ದು 1947ರಲ್ಲಿ, ಷಿಕಾಗೋದಲ್ಲಿ. ಆದರೆ ನನಗೆ ಈ ಕೆಲಸದ ಬೆಲೆ ತಿಳಿಸಿದ್ದು ಬೇರೆ ದೇಶದ ಕಥೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಉಸಿರಾಡಲಾಗದ ಮಕ್ಕಳಿಗೆ ಬೇಕಾದಷ್ಟು ಯಂತ್ರಗಳಿರಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು, ಕುತ್ತಿಗೆಯಲ್ಲಿ ಸಣ್ಣ ರಂಧ್ರ ಮಾಡಿ ಟ್ಯೂಬ್ ಇಟ್ಟು ರಬ್ಬರ್ ಚೀಲ ಒತ್ತಿ ಗಾಳಿ ಕೊಡಬಹುದು ಎಂದು ತೋರಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಮಂಚದ ಪಕ್ಕ ಕೂತು ಹಗಲೂ ರಾತ್ರಿ ಆ ಚೀಲ ಒತ್ತಿದರು. ಕೈ ನಿಂತರೆ ಮಗುವಿನ ಉಸಿರೂ ನಿಲ್ಲುತ್ತಿತ್ತು. ಈಗ ಚೀಲದ ಜಾಗಕ್ಕೆ ಯಂತ್ರ ಬಂದಿದೆ. ಪಕ್ಕದಲ್ಲಿ ಮನುಷ್ಯ ಬೇಕು ಎನ್ನುವುದು ಬದಲಾಗಿಲ್ಲ.

ಎಲ್ಲರೂ ನರ್ಸಿಂಗ್ ಅನ್ನುತ್ತಾರೆ. ಅದನ್ನು ಬಿಟ್ಟು ಇದನ್ನು ಯಾಕೆ ಓದಬೇಕು?

ಬಿಡಲೇಬೇಕು ಅಂತ ನಾನು ಹೇಳುವುದಿಲ್ಲ. ನರ್ಸ್‌ಗಳಿಗೆ ಕೆಲಸದ ದಾರಿಗಳು ಜಾಸ್ತಿ. ಆದರೆ ನಿಮಗೆ ಒಂದು ವಿಷಯದ ಆಳಕ್ಕೆ ಇಳಿಯುವುದು ಇಷ್ಟವಾದರೆ, ಯಂತ್ರ ಕಂಡರೆ ಹೆದರಿಕೆ ಇಲ್ಲದಿದ್ದರೆ, ಒಂದೇ ವಾರ್ಡಿನಲ್ಲಿ ಇರುವುದಕ್ಕಿಂತ ಆಸ್ಪತ್ರೆಯೆಲ್ಲ ಓಡಾಡುವುದು ಹಿಡಿಸಿದರೆ, ಇದು ನಿಮಗೆ ಒಗ್ಗುವ ಕೆಲಸ. ಈ ಓದು ಇದೆ ಎನ್ನುವುದೇ ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ನನ್ನ ಬೇಸರ ಅದೊಂದೇ.

ಎರಡು ವರ್ಷದ ಕಮ್ಯುನಿಟಿ ಕಾಲೇಜಿನ ಡಿಗ್ರಿಗೆ ಬೆಲೆ ಇದೆಯಾ?

ಇದೆ. ಇಲ್ಲಿ ಸಿಗುವುದು ಅಸೋಸಿಯೇಟ್ ಡಿಗ್ರಿ. ಅದನ್ನು ಮುಗಿಸಿದವರು ಬರೆಯುವ ರಾಷ್ಟ್ರೀಯ ಪರೀಕ್ಷೆಯೂ, ನಾಲ್ಕು ವರ್ಷ ಓದಿದವರು ಬರೆಯುವ ಪರೀಕ್ಷೆಯೂ ಒಂದೇ. ಊರಿನಲ್ಲಿ "ಅಯ್ಯೋ, ಡಿಪ್ಲೊಮಾ ಥರಾನಾ?" ಅಂತ ಯಾರಾದರೂ ಕೇಳಬಹುದು. ವೆಂಟಿಲೇಟರ್ ಮುಂದೆ ನಿಂತಾಗ ಯಾರೂ ಅದನ್ನು ಕೇಳುವುದಿಲ್ಲ.

ಒಂದು ಮಾತು ಮಾತ್ರ ನಿಜ. ಈ ವೃತ್ತಿ ನಿಧಾನಕ್ಕೆ ಬ್ಯಾಚುಲರ್ ಡಿಗ್ರಿಯ ಕಡೆ ವಾಲುತ್ತಿದೆ. ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಅದನ್ನು ಪೂರ್ತಿ ಮಾಡುವ ವ್ಯವಸ್ಥೆ ಹಲವು ಕಡೆ ಇದೆ. ಕ್ಯಾಲಿಫೋರ್ನಿಯಾದ ಸ್ಕೈಲೈನ್ ಕಾಲೇಜಿನಂಥ ಕೆಲವು ಕಮ್ಯುನಿಟಿ ಕಾಲೇಜುಗಳೇ ಈಗ ಈ ವಿಷಯದಲ್ಲಿ ಬ್ಯಾಚುಲರ್ ಡಿಗ್ರಿ ಕೊಡುತ್ತಿವೆ.

ಒಟ್ಟು ಎಷ್ಟು ಸಮಯ ಹಿಡಿಯುತ್ತದೆ?

ಕಾಗದದ ಮೇಲೆ ಎರಡು ವರ್ಷ. ನಮ್ಮಂಥವರಿಗೆ ಮೂರು ಅಂತ ಇಟ್ಟುಕೊಳ್ಳಿ. ಮುಖ್ಯ ಓದು ಶುರುವಾಗುವ ಮೊದಲು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ವಲ್ಪ ಕೆಮಿಸ್ಟ್ರಿ, ಗಣಿತ, ಇಂಗ್ಲಿಷ್ ಬರವಣಿಗೆ ಮುಗಿಸಿರಬೇಕು. ಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಬೇರೆ. ಆಮೇಲೆ ಪ್ರವೇಶಕ್ಕೆ ಅರ್ಜಿ ಹಾಕಬೇಕು. ಕಮ್ಯುನಿಟಿ ಕಾಲೇಜಿಗೆ ಯಾರು ಬೇಕಾದರೂ ಸೇರಬಹುದು ನಿಜ, ಆದರೆ ಈ ಕೋರ್ಸಿಗೆ ಸೀಟು ಕಡಿಮೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಬ್ಯಾಚು. ಈ ಮೊದಲಿನ ವಿಷಯಗಳಲ್ಲಿ ತೆಗೆದ ಗ್ರೇಡ್ ಮೇಲೇ ಸೀಟು ನಿಲ್ಲುತ್ತದೆ. ಆದ್ದರಿಂದ ಅನಾಟಮಿಯನ್ನು "ಪಾಸಾದರೆ ಸಾಕು" ಅಂತ ಓದಬೇಡಿ.

ಯಾವ ಕಾಲೇಜು ಒಳ್ಳೆಯದು?

ಮೊದಲು ನೋಡಬೇಕಾದ್ದು ಒಂದೇ: ಆ ಕೋರ್ಸಿಗೆ ಕೋಆರ್ಕ್ ಮಾನ್ಯತೆ ಇದೆಯಾ? ಉಸಿರಾಟ ಚಿಕಿತ್ಸೆಯ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಅದು. ಅದಿಲ್ಲದ ಕಡೆ ಓದಿದರೆ ರಾಷ್ಟ್ರೀಯ ಪರೀಕ್ಷೆಗೆ ಕೂರುವಂತಿಲ್ಲ. ದುಡ್ಡೂ ಹೋಯಿತು, ವರ್ಷವೂ ಹೋಯಿತು. ಕೋಆರ್ಕ್ ಪ್ರತಿ ಕೋರ್ಸಿನ ಫಲಿತಾಂಶವನ್ನೂ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಎಷ್ಟು ಜನ ಅರ್ಧಕ್ಕೆ ಬಿಟ್ಟರು, ಎಷ್ಟು ಜನ ಪರೀಕ್ಷೆಯಲ್ಲಿ ಮೇಲಿನ ಗೆರೆ ದಾಟಿದರು (ಈ ಗೆರೆಯ ವಿಷಯ ಮುಂದೆ ಹೇಳುತ್ತೇನೆ), ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಲ್ಲ ಅಲ್ಲಿದೆ. ಕಾಲೇಜಿನ ಚಂದದ ಫೋಟೋಗಳಿಗಿಂತ ಆ ಪಟ್ಟಿಯನ್ನು ನಂಬಿ.

ನಮ್ಮವರು ಜಾಸ್ತಿ ಇರುವ ಊರುಗಳಲ್ಲೇ ಇಂಥ ಕೋರ್ಸುಗಳಿವೆ. ಬೇ ಏರಿಯಾದಲ್ಲಿ ಫುಟ್‌ಹಿಲ್ ಮತ್ತು ಓಲೋನಿ, ಡಲ್ಲಾಸ್ ಕಡೆ ಕಾಲಿನ್ ಕಾಲೇಜು, ಷಿಕಾಗೋ ಹತ್ತಿರ ಕಾಲೇಜ್ ಆಫ್ ಡುಪೇಜ್, ನ್ಯೂಜೆರ್ಸಿಯಲ್ಲಿ ಬರ್ಗನ್. ದಿನಾ ಆ ದಾರಿಯಲ್ಲೇ ಕಾರು ಓಡಿಸುತ್ತಾ, ಒಳಗೆ ಇದೊಂದು ಓದು ಇದೆ ಅಂತ ತಿಳಿಯದೆ ಇರುವವರನ್ನು ನಾನು ಬಲ್ಲೆ.

ಊರಿನಲ್ಲಿ ಮಾಡಿದ ಡಿಗ್ರಿ ಲೆಕ್ಕಕ್ಕೆ ಬರುತ್ತದಾ?

ಸ್ವಲ್ಪ ಮಟ್ಟಿಗೆ. ನಿಮ್ಮ ಮಾರ್ಕ್ಸ್ ಕಾರ್ಡುಗಳನ್ನು ಕಾಲೇಜು ಒಪ್ಪುವ ಒಂದು ಮೌಲ್ಯಮಾಪನ ಸಂಸ್ಥೆಗೆ ಕಳಿಸಬೇಕು. ಸಾಮಾನ್ಯ ವಿಷಯಗಳಿಗೆ ವಿನಾಯಿತಿ ಸಿಗಬಹುದು. ವಿಜ್ಞಾನದ ವಿಷಯಗಳಿಗೆ ಎಷ್ಟೋ ಕಾಲೇಜುಗಳು ವರ್ಷದ ಮಿತಿ ಇಟ್ಟಿವೆ, ಹಳೆಯದಾದರೆ ಮತ್ತೆ ಓದಿ ಅನ್ನುತ್ತವೆ. ವಿಶ್ವವಿದ್ಯಾಲಯದಿಂದ ಕಾಗದ ತರಿಸುವುದಕ್ಕೇ ತಿಂಗಳುಗಟ್ಟಲೆ ಹಿಡಿಯಬಹುದು. ಊರಿನಲ್ಲಿ ಅಣ್ಣನೋ ತಮ್ಮನೋ ಓಡಾಡಲು ಸಿದ್ಧರಿದ್ದರೆ ಇವತ್ತೇ ಹೇಳಿಬಿಡಿ.

ನಾನು ಕರ್ನಾಟಕದಲ್ಲೇ ಬಿ.ಎಸ್‌ಸಿ. ರೆಸ್ಪಿರೇಟರಿ ಥೆರಪಿ ಮಾಡಿದ್ದೇನೆ. ಮತ್ತೆ ಓದಬೇಕಾ?

ಮಣಿಪಾಲದಲ್ಲಿ ಓದಿದವರೂ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದಿದವರೂ ನನಗೆ ಇದನ್ನೇ ಕೇಳುತ್ತಾರೆ. ಉತ್ತರ ಹೇಳಲು ನನಗೆ ಸಂಕಟ. ನಿಮಗೆ ವಿಷಯ ಚೆನ್ನಾಗಿ ಗೊತ್ತು. ಆದರೂ ಇಲ್ಲಿನ ಪರೀಕ್ಷೆಗೆ ಕೂರಲು ಕೋಆರ್ಕ್ ಮಾನ್ಯತೆ ಇರುವ ಕೋರ್ಸಿನಿಂದ ಹೊರಬಂದಿರಬೇಕು. ಕೋರ್ಸಿನ ನಿರ್ದೇಶಕರನ್ನು ಖುದ್ದಾಗಿ ಭೇಟಿಯಾಗಿ, ನೀವು ಓದಿದ ಪಠ್ಯಕ್ರಮ ತೋರಿಸಿ. ಕೆಲವು ವಿಷಯಗಳಿಗೆ ವಿನಾಯಿತಿ ಕೊಟ್ಟು ಮುಂದಿನ ಹಂತಕ್ಕೆ ಸೇರಿಸಿಕೊಳ್ಳಲು ಆಗುತ್ತದಾ ಎಂದು ಕೇಳಿ. ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ.

ಎಚ್-4 ವೀಸಾದಲ್ಲಿದ್ದೇನೆ. ಓದಬಹುದಾ?

ಓದಬಹುದು. ಎಚ್-4 ಅಂದರೆ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇಲ್ಲಿರುವವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ. ಎಚ್-4ರಲ್ಲಿ ಇದ್ದುಕೊಂಡೇ ಕಾಲೇಜಿಗೆ ಸೇರಬಹುದು, ವೀಸಾ ಬದಲಿಸಬೇಕಿಲ್ಲ. ಆದರೆ ಓದುವುದು ಬೇರೆ, ಕೆಲಸ ಮಾಡುವುದು ಬೇರೆ. ಕೆಲಸಕ್ಕೆ ಅನುಮತಿ ಪತ್ರ ಬೇಕು. ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಎಚ್-4ರವರಿಗೂ ಆ ಪತ್ರ ಕೊಡುವ ನಿಯಮ 2015ರಲ್ಲಿ ಬಂತು. ಎಚ್-1ಬಿ ಮೇಲೆ ಈ ಕೆಲಸ ಸಿಗುವುದು ಕಷ್ಟ, ಯಾಕೆಂದರೆ ಈ ವೃತ್ತಿಗೆ ಸೇರಲು ಅಸೋಸಿಯೇಟ್ ಡಿಗ್ರಿ ಸಾಕು, ಆ ವೀಸಾ ಕೇಳುವುದು ಬ್ಯಾಚುಲರ್ ಡಿಗ್ರಿ ಕಡ್ಡಾಯವಿರುವ ಕೆಲಸವನ್ನು.

ಇನ್ನೊಂದು ಸೂಕ್ಷ್ಮ. ತರಬೇತಿಗೆ ಆಸ್ಪತ್ರೆಗೆ ಹೋಗುವ ಮೊದಲು ನಿಮ್ಮ ಹಿನ್ನೆಲೆ ತಪಾಸಣೆ ನಡೆಯುತ್ತದೆ. ಅದಕ್ಕೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಸಾಮಾನ್ಯವಾಗಿ ಕೆಲಸದ ಅನುಮತಿ ಇದ್ದವರಿಗಷ್ಟೇ ಸಿಗುವ ಸರ್ಕಾರಿ ಸಂಖ್ಯೆ) ಕೇಳುವ ಕಡೆಗಳೂ ಉಂಟು. ಮೊದಲ ಡಾಲರ್ ಕಟ್ಟುವ ಮುಂಚೆಯೇ ಕಾಲೇಜಿನಲ್ಲೂ, ಒಬ್ಬ ವಲಸೆ ವಕೀಲರ ಹತ್ತಿರವೂ ಕೇಳಿಕೊಳ್ಳಿ. ಗೆಳತಿಯ ಗೆಳತಿ ಹೇಳಿದ್ದನ್ನು ನಂಬಿ ಹೆಜ್ಜೆ ಇಡಬೇಡಿ. ನಾನು ಬರೆದಿದ್ದನ್ನು ಕೂಡ ಒಮ್ಮೆ ಅವರ ಮುಂದೆ ಇಡಿ.

ಖರ್ಚು ಎಷ್ಟು?

ನೀವು ಯಾವ ರಾಜ್ಯದಲ್ಲಿದ್ದೀರಿ, ಕಾಲೇಜು ನಿಮ್ಮನ್ನು ಸ್ಥಳೀಯರೆಂದು ಒಪ್ಪುತ್ತದಾ ಎನ್ನುವುದರ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಸ್ಥಳೀಯರಿಗೆ ಒಂದು ಯೂನಿಟ್‌ಗೆ (ಪಾಠಗಳನ್ನು ಅಳೆಯುವ ಲೆಕ್ಕ) 46 ಡಾಲರ್. 70 ಯೂನಿಟ್ ಓದಿದರೂ ಶುಲ್ಕ 3,220 ಡಾಲರ್. ಹೊರಗಿನವರಿಗೆ ಇದರ ಹಲವು ಪಟ್ಟು. ಪುಸ್ತಕ, ಸಮವಸ್ತ್ರ, ಸ್ಟೆತೊಸ್ಕೋಪ್, ಲಸಿಕೆಗಳು, ಡ್ರಗ್ ಪರೀಕ್ಷೆ, ಪರೀಕ್ಷಾ ಶುಲ್ಕ, ಪೆಟ್ರೋಲು ಇವೆಲ್ಲ ಬೇರೆ. ಪೌರರಿಗೂ ಗ್ರೀನ್ ಕಾರ್ಡ್ ಇದ್ದವರಿಗೂ, ಮನೆಯ ಆದಾಯ ಕಡಿಮೆ ಇದ್ದರೆ, ಪೆಲ್ ಗ್ರಾಂಟ್ ಎಂಬ ಸರ್ಕಾರಿ ನೆರವು ಸಿಗಬಹುದು. 2025-26ನೇ ಸಾಲಿಗೆ ಅದರ ಮಿತಿ 7,395 ಡಾಲರ್. ಇದನ್ನು ವಾಪಸ್ ಕಟ್ಟಬೇಕಿಲ್ಲ. ಒಂದು ಮುಖ್ಯ ವಿಷಯ: ಮೊದಲ ಡಿಗ್ರಿ ಓದುವವರಿಗೆ ಮಾತ್ರ ಅದು. ನಿಮ್ಮ ಬಿ.ಕಾಂ. ಅನ್ನು ಇಲ್ಲಿನ ಬ್ಯಾಚುಲರ್ ಡಿಗ್ರಿಗೆ ಸಮ ಎಂದು ಎಣಿಸಿದರೆ ಸಿಗುವುದಿಲ್ಲ. ನೆರವಿನ ಕಚೇರಿಯಲ್ಲಿ ಇದನ್ನು ನೇರವಾಗಿ ಕೇಳಿ.

ಗಣಿತ ಬಿಟ್ಟು 20 ವರ್ಷ ಆಯಿತು. ಆಗುತ್ತದಾ?

ಆಗುತ್ತದೆ. ಇಲ್ಲಿ ಬೇಕಾಗಿರುವುದು ಕೂಡು, ಕಳೆ, ಗುಣಿಸು, ಭಾಗಿಸು. ಆದರೆ ಅದು ಉಸಿರಿನ ಲೆಕ್ಕ, ಹಾಗಾಗಿ ಯಾವತ್ತೂ ಮರೆಯುವುದಿಲ್ಲ.

ನನಗೆ ಮೊದಲು ಹಿಡಿಸಿದ್ದು ಸಿಲಿಂಡರ್ ಲೆಕ್ಕ. ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಮಂಚದ ಕೆಳಗೆ ಇಡುವ ಸಣ್ಣ ಆಕ್ಸಿಜನ್ ಸಿಲಿಂಡರ್‌ಗೆ 'ಇ' ಗಾತ್ರ ಅನ್ನುತ್ತಾರೆ. ಗೇಜ್ ತೋರಿಸುವ ಒತ್ತಡವನ್ನು (ಪಿಎಸ್‌ಐ ಲೆಕ್ಕದಲ್ಲಿ) 0.28ರಿಂದ ಗುಣಿಸಿದರೆ ಎಷ್ಟು ಲೀಟರ್ ಇದೆ ಅಂತ ಗೊತ್ತಾಗುತ್ತದೆ. ಗೇಜ್ 2,000 ತೋರಿಸಿದರೆ 560 ಲೀಟರ್. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕಿದ್ದರೆ 56 ನಿಮಿಷ. ಕೊನೆಯ 200 ಅನ್ನು ಮುಟ್ಟದೆ ಉಳಿಸಿದರೆ 50 ನಿಮಿಷ. ಸ್ಕ್ಯಾನಿಂಗ್ ಕೋಣೆಯ ಹೊರಗೆ 40 ನಿಮಿಷ ಕಾಯಬೇಕು, ಹೋಗಿ ಬರುವ ಹೊತ್ತು ಬೇರೆ ಅಂದರೆ ಇನ್ನೊಂದು ಸಿಲಿಂಡರ್ ಹೊತ್ತುಕೊಂಡೇ ಹೋಗಬೇಕು ಅಲ್ವಾ? ಲೆಕ್ಕ ಇಷ್ಟೇ.

ಪಾಠದಲ್ಲಿ ಯಾವುದು ಕಷ್ಟ?

ರಕ್ತದ ಗ್ಯಾಸ್ ವರದಿ ಓದುವುದು ಮೊದಲು ಗೊಂದಲ ಮಾಡುತ್ತದೆ. ಪಿಎಚ್ (ರಕ್ತ ಎಷ್ಟು ಆಮ್ಲೀಯ ಎಂದು ಹೇಳುವ ಅಂಕಿ, ಇಳಿದಷ್ಟೂ ಆಮ್ಲ ಜಾಸ್ತಿ) 7.35ರಿಂದ 7.45ರ ನಡುವೆ ಇರಬೇಕು, ಕಾರ್ಬನ್ ಡೈಆಕ್ಸೈಡ್ 35ರಿಂದ 45. ಪಿಎಚ್ 7.25, ಕಾರ್ಬನ್ ಡೈಆಕ್ಸೈಡ್ 70 ಬಂದರೆ ರೋಗಿ ಹೊಗೆ ಹೊರಗೆ ಹೋಗದ ಒಲೆಯ ಹಾಗೆ ಆಗಿದ್ದಾನೆ ಅಂತ ಅರ್ಥ. ಅದರ ಜೊತೆ ಬೈಕಾರ್ಬೊನೇಟ್ (ಆಮ್ಲವನ್ನು ತಗ್ಗಿಸಲು ಮೂತ್ರಪಿಂಡ ಉಳಿಸಿಕೊಳ್ಳುವ ಕ್ಷಾರ) ಹೆಚ್ಚಾಗಿ 30 ಇದ್ದರೆ ಈ ತೊಂದರೆ ಇವತ್ತಿನದಲ್ಲ, ಎಷ್ಟೋ ದಿನದಿಂದ ಮೂತ್ರಪಿಂಡ ಅದನ್ನು ಸರಿದೂಗಿಸುತ್ತಾ ಬಂದಿದೆ, ಇವತ್ತು ಸೋತಿದೆ ಎಂದು ತಿಳಿಯುತ್ತದೆ. ಮೂರು ಅಂಕಿಗಳಲ್ಲಿ ಒಬ್ಬರ ಕಥೆಯೇ ಇದೆ. ಅದು ಕಣ್ಣಿಗೆ ಬಿದ್ದ ದಿನ ನಾನು ಬಸ್ಸಿನಲ್ಲಿ ಕೂತು ನಕ್ಕಿದ್ದು ನೆನಪಿದೆ.

ಆಮೇಲೆ ವೆಂಟಿಲೇಟರ್. ಒಂದು ಉಸಿರಿಗೆ ಎಷ್ಟು ಗಾಳಿ ಕೊಡಬೇಕು? ಶ್ವಾಸಕೋಶ ತೀವ್ರವಾಗಿ ಕೆಟ್ಟಿರುವ 861 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಕಿಲೋಗೆ 12 ಮಿಲಿಲೀಟರ್ ಪಡೆದವರಲ್ಲಿ ಶೇಕಡಾ 39.8 ಜನ ತೀರಿಕೊಂಡಿದ್ದರು, 6 ಮಿಲಿಲೀಟರ್ ಪಡೆದವರಲ್ಲಿ ಶೇಕಡಾ 31. ಕಡಿಮೆ ಗಾಳಿ ಪಡೆದವರು ಹೆಚ್ಚು ಬದುಕಿದರು. ಇಲ್ಲಿ ಕಿಲೋ ಅಂದರೆ ತಕ್ಕಡಿಯ ತೂಕ ಅಲ್ಲ, ಎತ್ತರಕ್ಕೆ ತಕ್ಕ ತೂಕ. ಯಾಕೆಂದರೆ ಮೈ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. 5 ಅಡಿ 2 ಇಂಚು ಎತ್ತರದ, 90 ಕಿಲೋ ತೂಗುವ ಹೆಂಗಸಿಗೆ ಲೆಕ್ಕದ ತೂಕ 50 ಕಿಲೋ. ಕಿಲೋಗೆ 6ರಂತೆ ಉಸಿರಿಗೆ 300 ಮಿಲಿಲೀಟರ್. ತಕ್ಕಡಿ ನಂಬಿದ್ದರೆ 540 ಆಗುತ್ತಿತ್ತು. ಅದಕ್ಕೇ ನಾವು ಟೇಪು ಹಿಡಿದು ಮಲಗಿರುವವರ ಉದ್ದ ಅಳೆಯುತ್ತೇವೆ.

ಕ್ಲಿನಿಕಲ್ ಅಂದರೆ ಏನು? ಹೇಗಿರುತ್ತದೆ?

ಆಸ್ಪತ್ರೆಯಲ್ಲೇ ಕಲಿಯುವ ದಿನಗಳು. ವಾರಕ್ಕೆ ಎರಡೋ ಮೂರೋ ದಿನ, ಸಂಬಳ ಇಲ್ಲ. ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು ಅಂದರೆ ಐದಕ್ಕೆ ಮನೆ ಬಿಡಬೇಕಾಗಬಹುದು. ಒಂದು ಆಸ್ಪತ್ರೆಯಲ್ಲಿ ಕೆಲವು ವಾರ, ಇನ್ನೊಂದರಲ್ಲಿ ಕೆಲವು ವಾರ. ದೊಡ್ಡವರ ಐಸಿಯು, ಶಿಶುಗಳ ಐಸಿಯು, ಎಮರ್ಜೆನ್ಸಿ, ಶ್ವಾಸಕೋಶದ ಪರೀಕ್ಷಾ ಕೊಠಡಿ, ಎಲ್ಲ ಕಡೆ ಸುತ್ತಿಸುತ್ತಾರೆ.

ಹೇಳಿಕೊಡುವವರೆಲ್ಲ ಒಂದೇ ಥರ ಇರುವುದಿಲ್ಲ. ಒಂದು ಕಡೆ ನನ್ನನ್ನು ಮೂರು ದಿನ ಸುಮ್ನೆ ಮೂಲೆಯಲ್ಲಿ ನಿಲ್ಲಿಸಿದ್ದರು. ನಾಲ್ಕನೇ ದಿನ ನಾನೇ ಹೋಗಿ, "ಇವತ್ತು ನನಗೆ ಕಫ ತೆಗೆಯುವುದು ಕಲಿಸುತ್ತೀರಾ?" ಎಂದೆ. ಕಲಿಸಿದರು. ನಮ್ಮಲ್ಲಿ ಹಿರಿಯರ ಮುಂದೆ ಕೇಳದೆ ಬಾಯಿ ತೆರೆಯಬಾರದು ಅಂತ ಬೆಳೆಸಿರುತ್ತಾರೆ. ಇಲ್ಲಿ ಸುಮ್ಮನಿದ್ದರೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೆ. ಈ ಒಂದು ಅಭ್ಯಾಸ ಬದಲಿಸಿಕೊಳ್ಳುವುದು ನನಗೆ ಅನಾಟಮಿಗಿಂತ ಕಷ್ಟವಾಯಿತು.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ನಿಭಾಯಿಸಬಹುದಾ?

ಒಬ್ಬರೇ ಆಗುವುದಿಲ್ಲ. ಇದನ್ನು ಮನೆಯವರ ಜೊತೆ ಮೊದಲೇ ಮುಚ್ಚುಮರೆ ಇಲ್ಲದೆ ಮಾತಾಡಿ. ಬೆಳಿಗ್ಗೆ ಡಬ್ಬಿ ಕಟ್ಟುವವರು ಯಾರು, ಮಗುವಿಗೆ ಜ್ವರ ಬಂದರೆ ರಜೆ ಹಾಕುವವರು ಯಾರು? ಕ್ಲಿನಿಕಲ್ ದಿನ ತಪ್ಪಿದರೆ ಬದಲಿ ದಿನ ಸುಲಭಕ್ಕೆ ಸಿಗುವುದಿಲ್ಲ. ನನ್ನ ಕೊನೆಯ ವರ್ಷ ಅತ್ತೆ ಆರು ತಿಂಗಳು ಬಂದು ಇದ್ದರು. ಅವರಿಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಫೋನಿನಲ್ಲಿ ಡಾಕ್ಟರ್ ಜೊತೆ ಮಾತಾಡಲು ಭಯ.

ಆಸ್ಪತ್ರೆಯ ಇಂಗ್ಲಿಷ್ ಚಿಕ್ಕದು. ರೋಗಿ ಯಾರು, ಏನಾಗಿದೆ, ನೀವು ನೋಡಿದ್ದೇನು, ನಿಮಗೆ ಬೇಕಾಗಿದ್ದೇನು, ಇಷ್ಟನ್ನು ಈ ಕ್ರಮದಲ್ಲಿ ಹೇಳಲು ಕಾಲೇಜಿನಲ್ಲೇ ಕಲಿಸುತ್ತಾರೆ. ಅಂಕಿಗಳನ್ನು ಮಾತ್ರ ನಿಧಾನವಾಗಿ ಹೇಳಿ. ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ ಕೇಳುತ್ತವೆ.

ನಮ್ಮ ಭಾಷೆಯೂ ಕೆಲಸಕ್ಕೆ ಬರುತ್ತದೆ. ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಬೈಪ್ಯಾಪ್ ಎಂಬ, ಟ್ಯೂಬ್ ಇಲ್ಲದೆ ಗಾಳಿ ಒತ್ತಿ ಕೊಡುವ ಯಂತ್ರದ ಮಾಸ್ಕನ್ನು ಕಿತ್ತು ಕಿತ್ತು ಎಸೆಯುತ್ತಿದ್ದರು. ನಾನು ಕೈ ಹಿಡಿದು, "ಅಜ್ಜಿ, ಗಾಳಿ ತಾನಾಗೇ ಬರುತ್ತೆ, ಅದರ ಜೊತೆ ಜಗಳ ಆಡಬೇಡಿ, ನಿಧಾನಕ್ಕೆ ಎಳ್ಕೊಳ್ಳಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಅರ್ಧ ಗಂಟೆಯಲ್ಲಿ ಏದುಸಿರು ಇಳಿಯಿತು. ಆದರೆ ಒಪ್ಪಿಗೆ ಪತ್ರ, ರೋಗದ ವಿವರ ಇಂಥವಕ್ಕೆ ಆಸ್ಪತ್ರೆಯ ಅಧಿಕೃತ ದುಭಾಷಿಯನ್ನೇ ಕರೆಯಬೇಕು. ಅದು ನಮ್ಮ ಕೆಲಸವಲ್ಲ.

ಸಾವು ನೋಡಬೇಕಾಗುತ್ತದಾ?

ಹೌದು. ಈ ಪ್ರಶ್ನೆಯನ್ನು ಜನ ಕೊನೆಯಲ್ಲಿ, ದನಿ ತಗ್ಗಿಸಿ ಕೇಳುತ್ತಾರೆ. ಮೊದಲೇ ಕೇಳಬೇಕಾದ್ದು ಇದು.

ಇನ್ನು ಗುಣವಾಗುವುದಿಲ್ಲ ಅಂತ ಗೊತ್ತಾಗಿ, ಮನೆಯವರು ಒಪ್ಪಿ, ಡಾಕ್ಟರು ಆದೇಶ ಬರೆದ ಮೇಲೆ ಟ್ಯೂಬ್ ತೆಗೆಯುವ ಕೈ ಸಾಮಾನ್ಯವಾಗಿ ನಮ್ಮದು. ನರ್ಸ್ ಮೊದಲೇ ನೋವಿನ ಔಷಧಿ ಕೊಟ್ಟಿರುತ್ತಾರೆ. ನಾನು ಯಂತ್ರದ ಅಲಾರಂ ಮೊದಲೇ ನಿಲ್ಲಿಸುತ್ತೇನೆ, ಆ ಸದ್ದು ಮನೆಯವರ ಕಿವಿಯಲ್ಲಿ ಉಳಿಯಬಾರದು. ಬಾಯಿ ಶುಚಿ ಮಾಡುತ್ತೇನೆ. ಟೇಪಿನ ಗುರುತು ಒರೆಸುತ್ತೇನೆ. ಮಗಳು ಬಂದು ಮುಖ ನೋಡುವಾಗ ಅದು ಅವಳ ಅಪ್ಪನ ಮುಖದ ಹಾಗೇ ಇರಬೇಕು. ಆಮೇಲೆ ಟ್ಯೂಬ್ ತೆಗೆದು ಹಿಂದೆ ಸರಿಯುತ್ತೇನೆ. ಕೋಣೆಯಿಂದ ತಕ್ಷಣ ಓಡುವುದಿಲ್ಲ.

ಮೊದಲ ಸಲ ಇದನ್ನು ಮಾಡಿದ ದಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ತುಂಬಾ ಹೊತ್ತು ಕೂತಿದ್ದೆ. ಈಗಲೂ ಸುಲಭ ಅಲ್ಲ. ಆದರೆ ಇದನ್ನು ಒರಟಾಗಿ ಮಾಡುವವರು ಮಾಡುವುದಕ್ಕಿಂತ ನಾನು ಮಾಡುವುದು ಮೇಲು ಅಂತ ಅನ್ನಿಸುತ್ತದೆ. ನಿಮಗೂ ಹಾಗೆ ಅನ್ನಿಸುವ ಹಾಗಿದ್ದರೆ ಈ ಕೆಲಸಕ್ಕೆ ನೀವು ಬೇಕು.

ಪರೀಕ್ಷೆ, ಲೈಸೆನ್ಸ್ ಹೇಗೆ?

ಕಾಲೇಜು ಮುಗಿದ ಮೇಲೆ ಎನ್‌ಬಿಆರ್‌ಸಿ ಎಂಬ ರಾಷ್ಟ್ರೀಯ ಮಂಡಳಿಯ ಪರೀಕ್ಷೆ. ನಾನು ಬರೆದ ಪದ್ಧತಿಯಲ್ಲಿ ಮೊದಲು 160 ಬಹು ಆಯ್ಕೆ ಪ್ರಶ್ನೆಗಳು, ಮೂರು ಗಂಟೆ. ಅದರಲ್ಲಿ ಎರಡು ಗೆರೆ. ಕೆಳಗಿನ ಗೆರೆ ದಾಟಿದರೆ ಸಿಆರ್‌ಟಿ, ಅಂದರೆ ಮೊದಲ ಹಂತದ ಅರ್ಹತಾ ಪತ್ರ. ಮೇಲಿನದು ದಾಟಿದರೆ ಎರಡನೇ ಪರೀಕ್ಷೆಗೆ ಅರ್ಹತೆ. ಅದು ಕಂಪ್ಯೂಟರಿನಲ್ಲಿ ಒಬ್ಬೊಬ್ಬ ರೋಗಿಯನ್ನು ನೋಡಿಕೊಳ್ಳುವ ಹಾಗೆ ಇರುವ 22 ಸಮಸ್ಯೆಗಳು. ಅದನ್ನೂ ಗೆದ್ದರೆ ಆರ್‌ಆರ್‌ಟಿ, ಅಂದರೆ ಮೇಲಿನ ಹಂತದ ಅರ್ಹತಾ ಪತ್ರ. ಆಸ್ಪತ್ರೆಗಳು ಕೇಳುವುದು ಹೆಚ್ಚಾಗಿ ಇದನ್ನೇ. ಕ್ಯಾಲಿಫೋರ್ನಿಯಾದಲ್ಲಂತೂ ಹೊಸಬರಿಗೆ ಆರ್‌ಆರ್‌ಟಿ ಇಲ್ಲದೆ ಲೈಸೆನ್ಸೇ ಇಲ್ಲ. ಪರೀಕ್ಷೆಯ ರೂಪ ಬದಲಾಗುತ್ತಿರುತ್ತದೆ, ನೀವು ಬರೆಯುವ ವರ್ಷದ ಕೈಪಿಡಿಯನ್ನೇ ನೋಡಿ. ಅಲಾಸ್ಕಾ ಬಿಟ್ಟು ಉಳಿದ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಬೇಕು.

ಸಂಬಳ? ಕೆಲಸದ ಹೊತ್ತು?

ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ವಿಭಾಗದ ಪ್ರಕಾರ 2024ರ ಮೇ ತಿಂಗಳಲ್ಲಿ ಈ ವೃತ್ತಿಯವರ ನಡುವಿನ ಸಂಬಳ ವರ್ಷಕ್ಕೆ ಸುಮಾರು 80 ಸಾವಿರ ಡಾಲರ್, ಅಂದರೆ ಅರ್ಧ ಜನಕ್ಕೆ ಇದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ ದೊಡ್ಡದು. ಹೆಚ್ಚಿನ ಕಡೆ 12 ಗಂಟೆಯ ಶಿಫ್ಟ್, ವಾರಕ್ಕೆ ಮೂರು. ಹೊಸಬರಿಗೆ ರಾತ್ರಿ ಪಾಳಿಯೇ ಮೊದಲು ಸಿಗುತ್ತದೆ. ಯುಗಾದಿ, ದೀಪಾವಳಿಗೆ ರಜೆ ಬೇಕಿದ್ದರೆ ಕ್ರಿಸ್‌ಮಸ್ ಪಾಳಿ ನಾನು ಮಾಡುತ್ತೇನೆ ಅಂತ ಸಹೋದ್ಯೋಗಿಗಳ ಜೊತೆ ಅದಲು ಬದಲು ಮಾಡಿಕೊಳ್ಳಬಹುದು. ನಮ್ಮಲ್ಲಿ ಎಲ್ಲರಿಗೂ ಇದು ಇಷ್ಟ.

ಸರಿ, ಈ ವಾರವೇ ಏನು ಮಾಡಲಿ?

ಕೋಆರ್ಕ್ ಪಟ್ಟಿಯಲ್ಲಿ ನಿಮ್ಮ ಮನೆಯಿಂದ ಒಂದು ಗಂಟೆ ದೂರದೊಳಗಿನ ಕಾಲೇಜು ಹುಡುಕಿ. ಅವರ ಮಾಹಿತಿ ಸಭೆಗೆ ಹೆಸರು ಕೊಡಿ, ಸಾಮಾನ್ಯವಾಗಿ ಅದಕ್ಕೆ ದುಡ್ಡಿಲ್ಲ. ಅಲ್ಲಿ ನಿರ್ದೇಶಕರನ್ನು ಕೇಳಿ: ಆಸ್ಪತ್ರೆಯಲ್ಲಿ ಒಂದು ದಿನ ಥೆರಪಿಸ್ಟ್ ಒಬ್ಬರ ಹಿಂದೆ ಓಡಾಡಿ ನೋಡಲು ಅವಕಾಶ ಇದೆಯಾ? ಇದ್ದರೆ ಮೆತ್ತನೆಯ ಶೂ ಹಾಕಿಕೊಂಡು ಹೋಗಿ. ಬೆಳಿಗ್ಗೆ ಹೊಟ್ಟೆ ತುಂಬಾ ತಿಂದಿರಿ, ಊಟ ಎಷ್ಟು ಹೊತ್ತಿಗೋ ಗೊತ್ತಿಲ್ಲ.